ಗಾಡಿಯ ಹಳದಿ ದೀಪ ಏನು ಹೇಳುತ್ತದೆ?



ನಿಮ್ಮ ಊರಿನಲ್ಲಿ ಎಷ್ಟು ಡೀಸೆಲ್ ಗಾಡಿಗಳಿವೆ? ಒಮ್ಮೆ ಎಣಿಸಿ ನೋಡಿ. ಬೊಲೆರೊ ಇರಬಹುದು. ಬಾಡಿಗೆಗೆ ಓಡುವ ಸ್ವಿಫ್ಟ್ ಡಿಸೈರ್ ಇರಬಹುದು. ಹಳೆಯ ಟಾಟಾ ಸುಮೊ, ಇಂಡಿಕಾ ಇರಬಹುದು. ಮದುವೆಗೆ ಹೋಗಲು ಅದೇ ಗಾಡಿ. ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಓಡಲು ಅದೇ ಗಾಡಿ.

ಗಾಡಿ ಗಂಡಸರ ವಿಷಯ ಎಂದು ಅನೇಕರು ಹೇಳುತ್ತಾರೆ. ಆದರೆ ಗಾಡಿಯ ಸಾಲ ಯಾರದು? ಮನೆಯವರೆಲ್ಲರದು. ಕೆಲವು ಮನೆಗಳಲ್ಲಿ ಸಂಘದಿಂದ ಸಾಲ ತಂದವರೇ ನೀವು. ಕಾಗದಕ್ಕೆ ಸಹಿ ಹಾಕಿದವರೂ ನೀವೇ. ಗಾಡಿ ನಾಲ್ಕು ದಿನ ಗ್ಯಾರೇಜಿನಲ್ಲಿ ನಿಂತರೆ ನಾಲ್ಕು ದಿನದ ಬಾಡಿಗೆ ಹೋಯಿತು. ಕಂತು ಮಾತ್ರ ನಿಲ್ಲುವುದಿಲ್ಲ. ಹಾಗಾದರೆ ಗಾಡಿಗೆ ಏನಾಗಿದೆ ಎಂದು ಕೇಳುವ ಹಕ್ಕು ನಿಮಗೂ ಇದೆ. ಅಲ್ಲವೇ?

ಈ ಪಾಠ ಓದಿದರೆ ನೀವು ಮೆಕ್ಯಾನಿಕ್ ಆಗುವುದಿಲ್ಲ. ಆದರೆ ಮೆಕ್ಯಾನಿಕ್ ಹೇಳುವುದು ಅರ್ಥವಾಗುತ್ತದೆ. ಯಾವ ಪ್ರಶ್ನೆ ಕೇಳಬೇಕು ಎಂದು ತಿಳಿಯುತ್ತದೆ. ಅದಕ್ಕೆ ಬೇಕಾದ ಅಕ್ಷರ ಒಂದು. ಅಂಕಿ ನಾಲ್ಕು. ಅಷ್ಟನ್ನೂ ನೀವು ಈಗಾಗಲೇ ಕಲಿತಿದ್ದೀರಿ.

ಡೀಸೆಲ್ ಎಂಜಿನ್ ಹೇಗೆ ಓಡುತ್ತದೆ?

ಸೈಕಲ್ ಪಂಪಿನಿಂದ ಗಾಳಿ ಹೊಡೆದಿದ್ದೀರಾ? ಜೋರಾಗಿ ಹೊಡೆದರೆ ಪಂಪಿನ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಗಾಳಿ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ ಓಡುವುದು ಇದೇ ನಿಯಮದಿಂದ.

ಎಂಜಿನ್ನಿನ ಒಳಗೆ ಗಾಳಿಯನ್ನು ಬಹಳ ಜೋರಾಗಿ ಒತ್ತಲಾಗುತ್ತದೆ. ಆ ಗಾಳಿ 500 ಡಿಗ್ರಿಗಿಂತಲೂ ಹೆಚ್ಚು ಬಿಸಿಯಾಗುತ್ತದೆ. ನೀರು ಕುದಿಯಲು 100 ಡಿಗ್ರಿ ಸಾಕು. ಹಾಗಾದರೆ ಇದು ಎಂಥ ಬಿಸಿ, ಯೋಚಿಸಿ. ಆ ಬಿಸಿ ಗಾಳಿಗೆ ಸಣ್ಣ ತೂತಿನಿಂದ ಡೀಸೆಲ್ ಚಿಮ್ಮುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಬೇಡ, ಕಿಡಿ ಬೇಡ.

ಈ ಎಂಜಿನ್ನನ್ನು ಕಂಡುಹಿಡಿದವರು ಜರ್ಮನಿ ದೇಶದ ರುಡಾಲ್ಫ್ ಡೀಸೆಲ್. 1897ರಲ್ಲಿ ಅವರ ಎಂಜಿನ್ ಚೆನ್ನಾಗಿ ಓಡಿ ತೋರಿಸಿತು. ಅವರ ಹೆಸರೇ ಎಂಜಿನ್ನಿಗೂ ಎಣ್ಣೆಗೂ ಬಂತು.

ಒಲೆ ಉರಿಯಲು ಎರಡು ಬೇಕು. ಸೌದೆ ಬೇಕು, ಗಾಳಿ ಬೇಕು. ಗಾಳಿ ಕಟ್ಟಿದರೆ ಒಲೆ ಹೊಗೆಯಾಡುತ್ತದೆ. ಎಂಜಿನ್ನಿಗೂ ಹಾಗೆಯೇ. ಡೀಸೆಲ್ ಬೇಕು, ಗಾಳಿ ಬೇಕು. ಎರಡೂ ಸರಿಯಾಗಿ ಸೇರಬೇಕು. ಗಾಡಿ ಎಳೆಯುತ್ತಿಲ್ಲ ಎಂದರೆ ಹೆಚ್ಚಾಗಿ ಈ ಎರಡರಲ್ಲಿ ಒಂದು ಕಡಿಮೆಯಾಗಿದೆ. ಅಥವಾ ಅಳತೆ ಹೇಳುವವರು ತಪ್ಪು ಹೇಳುತ್ತಿದ್ದಾರೆ. ಅಳತೆ ಹೇಳುವವರು ಯಾರು? ಅದನ್ನು ಈಗ ನೋಡೋಣ.

ಹಿಂದೆ ತಂತಿ, ಈಗ ಸೆನ್ಸರ್

ಹಳೆಯ ಗಾಡಿಗಳಲ್ಲಿ ಎಕ್ಸಲೇಟರ್ ಪೆಡಲಿಗೆ ಒಂದು ತಂತಿ ಇತ್ತು. ಸೈಕಲ್ ಬ್ರೇಕಿನ ಕೇಬಲ್ ಇದ್ದ ಹಾಗೆ. ಕಾಲಿನಿಂದ ಒತ್ತಿದರೆ ತಂತಿ ಎಳೆಯುತ್ತಿತ್ತು. ಪಂಪು ಹೆಚ್ಚು ಡೀಸೆಲ್ ಕೊಡುತ್ತಿತ್ತು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಇಂಥ ಡೀಸೆಲ್ ಪಂಪುಗಳಿಗೆ ಹೆಸರಾಗಿತ್ತು. ಮೈಕೋ ಕಂಪನಿ 1951ರಲ್ಲಿ ಶುರುವಾಯಿತು. 2008ರಲ್ಲಿ ಅದರ ಹೆಸರು ಬಾಷ್ ಎಂದು ಬದಲಾಯಿತು.

ಈಗಿನ ಗಾಡಿಗಳಲ್ಲಿ ಪೆಡಲಿಗೆ ತಂತಿ ಇಲ್ಲ. ಪೆಡಲಿನ ಬಳಿ ಸೆನ್ಸರ್ ಇದೆ. ಸೆನ್ಸರ್ ಎಂದರೆ ಅಳತೆ ನೋಡಿ ಸುದ್ದಿ ಕಳಿಸುವ ಸಾಧನ. ಕಾಲು ಎಷ್ಟು ಒತ್ತಿದೆ ಎಂದು ಅದು ಗಾಡಿಯ ಕಂಪ್ಯೂಟರಿಗೆ ತಿಳಿಸುತ್ತದೆ. ಎಷ್ಟು ಡೀಸೆಲ್ ಬಿಡಬೇಕು ಎಂದು ಕಂಪ್ಯೂಟರ್ ತೀರ್ಮಾನ ಮಾಡುತ್ತದೆ.

ಪೆಡಲಿನಲ್ಲಿ ಒಂದಲ್ಲ, ಎರಡು ಸೆನ್ಸರ್ ಇರುತ್ತವೆ. ಯಾಕೆ ಗೊತ್ತೇ? ಸಾಕ್ಷಿಗೆ. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪಬೇಕು. ಇಬ್ಬರ ಮಾತೂ ಹೊಂದಿದರೆ ಕಂಪ್ಯೂಟರ್ ನಂಬುತ್ತದೆ. ಮಾತು ಹೊಂದದಿದ್ದರೆ ನಂಬುವುದಿಲ್ಲ. ಆಗ ಗಾಡಿ ತಾನಾಗಿ ಓಡಿಬಿಟ್ಟರೆ ಅಪಾಯ. ಆದ್ದರಿಂದ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನೇ ಕಡಿಮೆ ಮಾಡುತ್ತದೆ.

ಪೆಡಲ್ ಅಲ್ಲದೆ ಇನ್ನೂ ಅನೇಕ ಸೆನ್ಸರ್‌ಗಳಿವೆ. ಗಾಳಿ ಅಳೆಯಲು ಒಂದು. ಡೀಸೆಲಿನ ಒತ್ತಡ ನೋಡಲು ಒಂದು. ನೀರಿನ ಬಿಸಿ ನೋಡಲು ಒಂದು. ಎಲ್ಲರೂ ಕಂಪ್ಯೂಟರಿಗೆ ಸುದ್ದಿ ಕೊಡುತ್ತಲೇ ಇರುತ್ತಾರೆ. ಯಾವುದಾದರೂ ಸುದ್ದಿ ಸರಿಯಿಲ್ಲದಿದ್ದರೆ ಕಂಪ್ಯೂಟರ್ ಎರಡು ಕೆಲಸ ಮಾಡುತ್ತದೆ. ಒಂದು, ತಪ್ಪಿನ ನಂಬರನ್ನು ತನ್ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಎರಡು, ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹಚ್ಚುತ್ತದೆ. ಅದೇ ಚೆಕ್ ಲೈಟ್. ಅದು ಸಣ್ಣ ಪಂಪ್‌ಸೆಟ್ಟಿನ ಚಿತ್ರದ ಹಾಗೆ ಕಾಣುತ್ತದೆ.

ದೀಪದ ಬಣ್ಣ ನೋಡಿ

ಬೀಗದ ಕೈ ತಿರುಗಿಸಿದ ಕೂಡಲೇ ಬೋರ್ಡಿನ ದೀಪಗಳು ಹತ್ತುತ್ತವೆ. ಅದಕ್ಕೆ ಹೆದರಬೇಡಿ. ದೀಪ ಸರಿಯಾಗಿದೆಯೇ ಎಂದು ಗಾಡಿ ತಾನೇ ನೋಡಿಕೊಳ್ಳುತ್ತದೆ. ಎಂಜಿನ್ ಶುರುವಾದ ಮೇಲೆ ಅವು ಆರಬೇಕು. ಆರದೆ ಉಳಿದರೆ ಅದು ಸುದ್ದಿ.

ಬೀಗದ ಕೈ ತಿರುಗಿಸಿದಾಗ ಚೆಕ್ ಲೈಟ್ ಹತ್ತಲೇ ಇಲ್ಲವೇ? ಅದೂ ಅನುಮಾನದ ವಿಷಯವೇ. ಹಳೆ ಗಾಡಿ ಕೊಳ್ಳುವಾಗ ಇದನ್ನು ತಪ್ಪದೆ ನೋಡಿ. ತೊಂದರೆ ಮುಚ್ಚಿಡಲು ಯಾರಾದರೂ ದೀಪವನ್ನೇ ತೆಗೆದಿರಬಹುದು.

ಕೆಂಪು ದೀಪ ಎಂದರೆ ನಿಲ್ಲಿಸಿ. ಎಣ್ಣೆ ಗಿಂಡಿಯಿಂದ ಹನಿ ಬೀಳುವ ಚಿತ್ರ ಕೆಂಪಾದರೆ ಎಂಜಿನ್ ಆಯಿಲಿನ ಒತ್ತಡ ಇಲ್ಲ. ಜ್ವರ ನೋಡುವ ಕಡ್ಡಿಯಂಥ ಚಿತ್ರ ಕೆಂಪಾದರೆ ಎಂಜಿನ್ ವಿಪರೀತ ಬಿಸಿಯಾಗಿದೆ. ಈ ಎರಡರಲ್ಲಿ ಯಾವುದು ಬಂದರೂ ಗಾಡಿಯನ್ನು ಬದಿಗೆ ತಂದು ಎಂಜಿನ್ ಆರಿಸಬೇಕು. "ಇನ್ನು ಎರಡೇ ಕಿಲೋಮೀಟರ್, ಮನೆ ಸೇರಿಬಿಡೋಣ" ಎನ್ನಬಾರದು. ಆ ಎರಡು ಕಿಲೋಮೀಟರಿನಲ್ಲಿ ಎಂಜಿನ್ನೇ ಹೋಗಬಹುದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೂಬಾರದು. ಕುದಿವ ನೀರು ಮುಖಕ್ಕೆ ಚಿಮ್ಮುತ್ತದೆ.

ಹಳದಿ ದೀಪ ಎಂದರೆ ಎಚ್ಚರಿಕೆ. ಸುಮ್ಮನೆ ಉರಿಯುತ್ತಿದ್ದರೆ, ಗಾಡಿ ಎಂದಿನಂತೆ ಓಡುತ್ತಿದ್ದರೆ, ನಿಧಾನವಾಗಿ ಮನೆಗೆ ಅಥವಾ ಗ್ಯಾರೇಜಿಗೆ ಹೋಗಬಹುದು. ಆದರೆ ದೀಪ ಮಿಣುಕುತ್ತಿದ್ದರೆ, ಗಾಡಿ ಅದುರುತ್ತಿದ್ದರೆ, ಹೊಸ ಸದ್ದು ಬಂದರೆ ಮುಂದೆ ಓಡಿಸಬೇಡಿ.

ಡೀಸೆಲ್ ಗಾಡಿಯಲ್ಲಿ ಇನ್ನೊಂದು ಹಳದಿ ದೀಪ ಇದೆ. ಅದು ಸ್ಪ್ರಿಂಗಿನಂಥ ಸುರುಳಿ ಚಿತ್ರ. ಚಳಿಯಲ್ಲಿ ಎಂಜಿನ್ ಶುರುವಾಗಲು ಒಳಗೆ ಸಣ್ಣ ಹೀಟರ್ ಇರುತ್ತದೆ. ಅದಕ್ಕೆ ಗ್ಲೋ ಪ್ಲಗ್ ಎನ್ನುತ್ತಾರೆ. ಅದು ಬಿಸಿಯಾಗುವ ತನಕ ಸುರುಳಿ ದೀಪ ಉರಿಯುತ್ತದೆ. ಅದು ಆರಿದ ಮೇಲೆ ಸ್ಟಾರ್ಟ್ ಮಾಡಬೇಕು. ಕೆಲವು ಕಾರುಗಳಲ್ಲಿ ಓಡುವಾಗ ಈ ಸುರುಳಿ ಮಿಣುಕಿದರೆ ಅದೂ ಎಂಜಿನ್ ತೊಂದರೆಯ ಸುದ್ದಿಯೇ.

ಗಾಡಿ ಎಳೀತಿಲ್ಲ, ಯಾಕೆ?

ದಿಬ್ಬ ಹತ್ತುವಾಗ ಪೆಡಲ್ ಪೂರ್ತಿ ಒತ್ತಿದರೂ ಗಾಡಿ ತೆವಳುತ್ತದೆ. ಎಂಜಿನ್ ಒಂದು ಮಟ್ಟಕ್ಕಿಂತ ಮೇಲೆ ಏರುವುದಿಲ್ಲ. ಚೆಕ್ ಲೈಟ್ ಉರಿಯುತ್ತಿದೆ. "ಪಿಕಪ್ಪೇ ಇಲ್ಲ" ಎಂದು ಡ್ರೈವರ್ ಹೇಳುತ್ತಾರೆ.

ಇದು ಗಾಡಿ ಕುಂಟುವ ಸ್ಥಿತಿ. ಕಾಲು ಉಳುಕಿದಾಗ ನಾವೇನು ಮಾಡುತ್ತೇವೆ? ಓಡುವುದಿಲ್ಲ. ಕುಂಟುತ್ತಾ ಮನೆ ಸೇರುತ್ತೇವೆ. ಗಾಡಿಯ ಕಂಪ್ಯೂಟರೂ ಅದನ್ನೇ ಮಾಡುತ್ತದೆ. ಹೆಚ್ಚು ಕೆಡದಿರಲಿ ಎಂದು ಶಕ್ತಿ ತಗ್ಗಿಸುತ್ತದೆ. ಇದು ರಕ್ಷಣೆ.

ಎಂಜಿನ್ ಆರಿಸಿ ಮತ್ತೆ ಶುರು ಮಾಡಿದರೆ ಕೆಲವೊಮ್ಮೆ ಗಾಡಿ ಸರಿಯಾಗಿಬಿಡುತ್ತದೆ. "ಸರಿಹೋಯ್ತು" ಎಂದು ಸಂತೋಷಪಡಬೇಡಿ. ಕಾರಣ ಒಳಗೇ ಇರುತ್ತದೆ. ಮತ್ತೆ ಬರುತ್ತದೆ. ಕಂಪ್ಯೂಟರಿನಲ್ಲಿ ನಂಬರ್ ಉಳಿದಿರುವಾಗಲೇ ಓದಿಸಿದರೆ ಒಳ್ಳೆಯದು.

ಒಂದು ಅಕ್ಷರ, ನಾಲ್ಕು ಅಂಕಿ

ಸ್ಟೀರಿಂಗಿನ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ತಿರ, ಒಂದು ಪ್ಲಗ್ ಇರುತ್ತದೆ. ಅದರಲ್ಲಿ 16 ಕಿಂಡಿಗಳಿವೆ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಲ್ಲೂ ಗಾಡಿಯೇ ತನ್ನ ತಪ್ಪು ಹೇಳುವ ಈ ಏರ್ಪಾಡು ಕಡ್ಡಾಯವಾಯಿತು. ಭಾರತದಲ್ಲಿ ಅದರ ಪೂರ್ತಿ ರೂಪ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಆ ಪ್ಲಗ್ಗಿಗೆ ಸ್ಕ್ಯಾನರ್ ಚುಚ್ಚಿದರೆ ಕಂಪ್ಯೂಟರ್ ಬರೆದಿಟ್ಟ ನಂಬರ್ ಕಾಣುತ್ತದೆ. ಇದಕ್ಕೆ ಕೋಡ್ ಎನ್ನುತ್ತಾರೆ.

ಕೋಡ್ ಹೀಗಿರುತ್ತದೆ: ಪಿ 0299.

ಮೊದಲು ಇಂಗ್ಲಿಷಿನ ಪಿ ಅಕ್ಷರ. ಒಂದು ಉದ್ದ ಗೀಟು, ಅದರ ತಲೆಯ ಬಲಕ್ಕೆ ಅರ್ಧ ಸೊನ್ನೆ. ಎಂಜಿನ್ ಮತ್ತು ಗೇರಿನ ತೊಂದರೆ ಎಂದು ಅದರ ಅರ್ಥ. ಅದರ ಮುಂದೆ ನಾಲ್ಕು ಗುರುತು. ಬಸ್ಸಿನ ನಂಬರ್ ಓದುವ ಹಾಗೆ ಓದಿ. ಮೊದಲನೆಯದು 0 ಅಥವಾ 2 ಆದರೆ ಹೆಚ್ಚಾಗಿ ಎಲ್ಲ ಕಂಪನಿಯ ಗಾಡಿಗೂ ಒಂದೇ ಅರ್ಥ. 1 ಆದರೆ ಆಯಾ ಕಂಪನಿಯದೇ ಅರ್ಥ. ಕೊನೆಗೆ ಅಪರೂಪಕ್ಕೆ ಇಂಗ್ಲಿಷ್ ಅಕ್ಷರವೂ ಬರಬಹುದು. ಬಂದರೆ ಕಂಡ ಹಾಗೆ ಬರೆದುಕೊಳ್ಳಿ.

ಡೀಸೆಲ್ ಗಾಡಿಗಳಲ್ಲಿ ಕಾಣುವ ಕೆಲವು ಕೋಡ್‌ಗಳನ್ನು ಓದಿ:

ಪಿ 2138: ಪೆಡಲಿನ ಎರಡು ಸೆನ್ಸರ್‌ಗಳ ಮಾತು ಹೊಂದುತ್ತಿಲ್ಲ.

ಪಿ 0299: ಟರ್ಬೊ ಒತ್ತಬೇಕಾದಷ್ಟು ಗಾಳಿ ಎಂಜಿನ್ನಿಗೆ ಬರುತ್ತಿಲ್ಲ.

ಪಿ 0101: ಗಾಳಿ ಅಳೆಯುವ ಸೆನ್ಸರಿನ ಲೆಕ್ಕ ಸರಿಯಿಲ್ಲ.

ಪಿ 0087: ಡೀಸೆಲಿನ ಒತ್ತಡ ಕಡಿಮೆ.

ಪಿ 0401: ಹೊಗೆಯ ಒಂದು ಪಾಲು ಎಂಜಿನ್ನಿಗೆ ಮರಳಿ ಹೋಗಬೇಕು, ಅದು ಸಾಲದು.

ಪಿ 0380: ಗ್ಲೋ ಪ್ಲಗ್ಗಿನ ಕರೆಂಟ್ ದಾರಿಯಲ್ಲಿ ತೊಂದರೆ.

ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಕೋಡನ್ನು ನೋಡಿ ಬರೆದುಕೊಳ್ಳಲು ಬಂದರೆ ಸಾಕು. ಅರ್ಥವನ್ನು ಕೇಳಿ ತಿಳಿಯಬಹುದು.

ಕೋಡ್ ದಾರಿ ತೋರಿಸುತ್ತದೆ, ರೋಗ ಹೇಳುವುದಿಲ್ಲ

ಇದು ಈ ಪಾಠದ ಮುಖ್ಯ ಮಾತು. ನಿಧಾನವಾಗಿ ಓದಿ.

ಮಗುವಿಗೆ ಜ್ವರ ಬಂತು. ಜ್ವರದ ಕಡ್ಡಿ 102 ಡಿಗ್ರಿ ತೋರಿಸಿತು. ಅದು ಮಲೇರಿಯಾ ಎಂದು ಕಡ್ಡಿ ಹೇಳುತ್ತದೆಯೇ? ಇಲ್ಲ. ಜ್ವರ ಇದೆ ಎಂದಷ್ಟೇ ಹೇಳುತ್ತದೆ. ಯಾವ ಜ್ವರ ಎಂದು ಡಾಕ್ಟರು ಪರೀಕ್ಷೆ ಮಾಡಿ ಹೇಳಬೇಕು. ಕೋಡ್ ಕೂಡ ಜ್ವರದ ಕಡ್ಡಿ ಇದ್ದ ಹಾಗೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅವರ ಬಳಿ 2015ರಲ್ಲಿ ಕೊಂಡ ಡೀಸೆಲ್ ಡಿಸೈರ್ ಇದೆ. ಬಾಡಿಗೆಗೆ ಓಡುತ್ತದೆ. ಒಂದು ದಿನ ಚೆಕ್ ಲೈಟ್ ಬಂತು. ಗಾಡಿ ಎಳೆಯಲಿಲ್ಲ. ಯಜಮಾನರು ಗಾಡಿಯನ್ನು ಗ್ಯಾರೇಜಿಗೆ ಬಿಟ್ಟು ಬಂದರು. ಮಾರನೇ ದಿನ ಮನೆಯಾಕೆಯೂ ಜೊತೆಗೆ ಹೋದರು. ಅಲ್ಲಿ ಮಾತು ಹೀಗೆ ನಡೆಯಿತು ಎಂದುಕೊಳ್ಳಿ.

"ಟರ್ಬೊ ಹೋಗಿದೆ ಅಕ್ಕಾ. ಹೊಸದು ಹಾಕ್ಬೇಕು. ಖರ್ಚು ಜಾಸ್ತಿ ಆಗ್ತದೆ."

"ಸ್ಕ್ಯಾನರ್ ಹಾಕಿ ನೋಡಿದ್ಯಾ ತಮ್ಮಾ?"

"ಹೂಂ ಅಕ್ಕಾ. ಕೋಡ್ ಬಂದಿದೆ."

"ಯಾವ ಕೋಡು? ಒಂದು ಚೀಟೀಲಿ ಬರ್ಕೊಡಪ್ಪ."

ಮೆಕ್ಯಾನಿಕ್ ಬರೆದುಕೊಟ್ಟ. ಪಿ 0299. ಆಕೆ ಒಂದೊಂದೇ ಅಂಕಿ ಓದಿದರು.

"ಇದು ಟರ್ಬೊ ಕೆಟ್ಟಿದೆ ಅಂತ ಹೇಳ್ತದಾ? ಗಾಳಿ ಸಾಲ್ತಿಲ್ಲ ಅಂತ ಹೇಳ್ತದಾ?"

"ಗಾಳಿ ಸಾಲ್ತಿಲ್ಲ ಅಂತ ಹೇಳ್ತದೆ ಅಕ್ಕಾ."

"ಹಂಗಾದ್ರೆ ಗಾಳಿ ಎಲ್ಲಾದ್ರೂ ಸೋರ್ತಿದ್ಯಾ ಅಂತ ಮೊದ್ಲು ನೋಡು. ಪೈಪು, ಕ್ಲಿಪ್ಪು, ಫಿಲ್ಟರ್ ನೋಡು. ಅದೆಲ್ಲ ಸರಿ ಇದ್ರೆ ಆಮೇಲೆ ಟರ್ಬೊ ಬಿಚ್ಚೋಣ."

ಟರ್ಬೊ ಎಂದರೆ ಏನು? ಅದು ಸಣ್ಣ ಫ್ಯಾನು. ಹೊರಗೆ ಹೋಗುವ ಹೊಗೆಯ ರಭಸಕ್ಕೆ ತಿರುಗುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತಲೂ ಹೆಚ್ಚು ತಿರುಗಬಲ್ಲದು. ಒಳಗೆ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ದಪ್ಪ ರಬ್ಬರ್ ಪೈಪಿನಲ್ಲಿ ಎಂಜಿನ್ನಿಗೆ ಹೋಗುತ್ತದೆ. ಪೈಪು ಸೀಳಿದರೆ ಗಾಳಿ ಸೋರುತ್ತದೆ. ಆಗಲೂ ಕೋಡ್ ಬರುವುದು ಪಿ 0299 ಎಂದೇ. ಟರ್ಬೊ ಕೆಟ್ಟರೂ ಅದೇ ಕೋಡ್. ಏರ್ ಫಿಲ್ಟರ್ ಪೂರ್ತಿ ಕಟ್ಟಿದರೂ ಅದೇ ಕೋಡ್ ಬರಬಹುದು.

ಪೈಪಿನ ಬೆಲೆಯೆಲ್ಲಿ, ಟರ್ಬೊ ಬೆಲೆಯೆಲ್ಲಿ? ಪೈಪು ಸೀಳಿದ ಗಾಡಿಗೆ ಹೊಸ ಟರ್ಬೊ ಹಾಕಿದರೆ ದುಡ್ಡೂ ಹೋಯಿತು, ದೀಪವೂ ಆರಲಿಲ್ಲ. ಮೆಕ್ಯಾನಿಕ್ ಎಲ್ಲರೂ ಮೋಸ ಮಾಡುತ್ತಾರೆ ಎಂದಲ್ಲ. ಅವಸರದಲ್ಲಿ ಕೋಡ್ ನೋಡಿ ಅಂದಾಜಿನ ಮೇಲೆ ಸಾಮಾನು ಬದಲಾಯಿಸುವವರು ಇದ್ದಾರೆ. ಅಂದಾಜು ತಪ್ಪಿದರೆ ನಷ್ಟ ನಿಮಗೆ.

ಮೊದಲು ಅಗ್ಗದ್ದು, ಆಮೇಲೆ ದುಬಾರಿಯದು

ಗಾಡಿ ಎಳೆಯದಿದ್ದರೆ ಪರೀಕ್ಷೆಗೆ ಒಂದು ಕ್ರಮ ಇದೆ.

1. ಪೆಡಲಿನ ಕೆಳಗೆ ನೋಡಿ. ಕಾಲಿನ ಮ್ಯಾಟ್ ಜರುಗಿ ಪೆಡಲಿಗೆ ಸಿಕ್ಕಿದೆಯೇ? ನೀರಿನ ಬಾಟಲಿ ಉರುಳಿದೆಯೇ? ಇದಕ್ಕೆ ಖರ್ಚೇ ಇಲ್ಲ.

2. ಏರ್ ಫಿಲ್ಟರ್ ನೋಡಿ. ನಮ್ಮ ಮಣ್ಣು ರಸ್ತೆಯ ಧೂಳಿಗೆ ಅದು ಬೇಗ ಕಟ್ಟುತ್ತದೆ. ಒಲೆಯ ಬಾಯಿಗೆ ಬಟ್ಟೆ ತುರುಕಿದ ಹಾಗೆ ಆಗುತ್ತದೆ.

3. ಗಾಳಿ ಪೈಪುಗಳನ್ನು ನೋಡಿ. ಸೀಳು, ಸಡಿಲ ಕ್ಲಿಪ್, ಎಣ್ಣೆ ಜಿಡ್ಡಿನ ಗುರುತು ಇದೆಯೇ? ರೇಸ್ ಕೊಟ್ಟಾಗ ಬುಸ್ಸೆಂಬ ಸದ್ದು ಬಂದರೆ ಸೋರಿಕೆ ಇರಬಹುದು.

4. ವೈರು ಮತ್ತು ಪ್ಲಗ್ಗುಗಳನ್ನು ನೋಡಿ. ಮಳೆಗಾಲದಲ್ಲಿ ಪ್ಲಗ್ಗಿಗೆ ನೀರು ಸೇರಿ ಹಸಿರು ಕಿಲುಬು ಹಿಡಿಯುತ್ತದೆ. ಇಲಿ ವೈರು ಕಡಿಯುತ್ತದೆ. ಪಿ 2138 ಬಂದಾಗ ಪೆಡಲ್ ಬದಲಿಸುವ ಮೊದಲು ಅದರ ಪ್ಲಗ್ ಬಿಚ್ಚಿ ನೋಡಬೇಕು.

5. ಡೀಸೆಲ್ ಫಿಲ್ಟರ್ ನೋಡಿ. ಡೀಸೆಲಿನಲ್ಲಿ ನೀರು ಸೇರಿದರೆ ಅದು ಫಿಲ್ಟರಿನ ಅಡಿಯಲ್ಲಿ ನಿಲ್ಲುತ್ತದೆ. ಅದನ್ನು ಬಸಿಯಬೇಕು. ಫಿಲ್ಟರ್ ಹಳೆಯದಾದರೆ ಬದಲಿಸಬೇಕು. ಪಿ 0087 ಬಂದಾಗ ಇದನ್ನು ಮೊದಲು ನೋಡಬೇಕು.

6. ಮಸಿ ಕಟ್ಟಿದ ಭಾಗಗಳನ್ನು ನೋಡಿ. ಹೊಗೆಯನ್ನು ಮರಳಿ ಕಳಿಸುವ ಒಂದು ವಾಲ್ವ್ ಇದೆ. ಅದಕ್ಕೆ ಇಜಿಆರ್ ವಾಲ್ವ್ ಎನ್ನುತ್ತಾರೆ. ಗಾಳಿ ದಾರಿಯಲ್ಲಿ ತೆರೆದು ಮುಚ್ಚುವ ಒಂದು ತಟ್ಟೆಯೂ ಇದೆ. ಅದಕ್ಕೆ ಥ್ರಾಟಲ್ ಎನ್ನುತ್ತಾರೆ. ಅಡುಗೆ ಮನೆಯ ಗೋಡೆಗೆ ಮಸಿ ಹಿಡಿದ ಹಾಗೆ ಇವಕ್ಕೂ ಮಸಿ ಹಿಡಿಯುತ್ತದೆ. ಆಗ ಅಂಟಿಕೊಳ್ಳುತ್ತವೆ. ಎಷ್ಟೋ ಸಲ ಬಿಚ್ಚಿ ತೊಳೆದರೆ ಸಾಕು.

7. ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಸೆನ್ಸರ್, ಟರ್ಬೊ, ನಾಜಲ್, ಪಂಪು.

ಮೊದಲ ಕೆಲಸ ನೀವೇ ಮಾಡಬಹುದು. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಬಾನೆಟ್ ಎತ್ತಿ ಪೈಪು, ವೈರು ನೋಡಬಹುದು. ಆದರೆ ಡೀಸೆಲ್ ಪೈಪಿಗೆ ಕೈ ಹಾಕಬೇಡಿ. ಟೈರಿನ ಗಾಳಿಯ ಒತ್ತಡ ಸುಮಾರು 2 ಬಾರ್. ಈಗಿನ ಡೀಸೆಲ್ ಪೈಪಿನ ಒತ್ತಡ 1,000 ಬಾರ್ ದಾಟುತ್ತದೆ. ಓಡುವ ಎಂಜಿನ್ನಿನಲ್ಲಿ ಅದನ್ನು ಸಡಿಲಿಸಿದರೆ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೊಕ್ಕುಬಿಡುತ್ತದೆ.

ಹೊಗೆಯೂ ಮಾತಾಡುತ್ತದೆ

ಒಲೆಯ ಹೊಗೆ ನೋಡಿ ಸೌದೆ ಹಸಿಯೋ ಒಣಗಿದೆಯೋ ಎಂದು ಹೇಳುವವರು ನೀವು. ಗಾಡಿಯ ಹೊಗೆಯನ್ನೂ ಹಾಗೆಯೇ ನೋಡಿ.

ಕಪ್ಪು ಹೊಗೆ: ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್, ಗಾಳಿ ಪೈಪು ನೋಡಬೇಕು. ನಾಜಲ್ ಕೂಡ ಕಾರಣ ಇರಬಹುದು.

ಬಿಳಿ ಹೊಗೆ: ಚಳಿಯ ಬೆಳಗಿನಲ್ಲಿ ಸ್ವಲ್ಪ ಹೊತ್ತು ಬಂದರೆ ಚಿಂತೆ ಇಲ್ಲ. ನಿಲ್ಲದೆ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಇಲ್ಲವೇ ರೇಡಿಯೇಟರಿನ ನೀರು ಎಂಜಿನ್ನಿನ ಒಳಗೆ ಸೋರುತ್ತಿದೆ.

ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲಿನ ಮಟ್ಟ ಕೂಡಲೇ ನೋಡಿ.

ಗ್ಯಾರೇಜಿಗೆ ಹೋದಾಗ "ಗಾಡಿ ಸರಿ ಇಲ್ಲ" ಎಂದಷ್ಟೇ ಹೇಳಬೇಡಿ. "ದಿಬ್ಬದಲ್ಲಿ ಎಳೆಯಲಿಲ್ಲ, ಕಪ್ಪು ಹೊಗೆ ಬಂತು, ಬುಸ್ ಅಂತ ಸದ್ದು ಬಂತು" ಎನ್ನಿ. ಅರ್ಧ ಪರೀಕ್ಷೆ ಅಲ್ಲಿಯೇ ಮುಗಿಯಿತು.

ಹೊಸ ಡೀಸೆಲ್ ಗಾಡಿಯವರಿಗೆ ಒಂದು ಮಾತು

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಗೆಯ ನಿಯಮ ಬಿಗಿಯಾಯಿತು. ಇದಕ್ಕೆ ಬಿಎಸ್ 6 ಎನ್ನುತ್ತಾರೆ. ಆಗ ಮಾರುತಿ ಕಂಪನಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಬೇರೆ ಕೆಲವು ಕಂಪನಿಗಳು ಮುಂದುವರಿಸಿದವು. ಹೊಸ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಡಬ್ಬ ಇರುತ್ತದೆ. ಅದನ್ನು ಡಿಪಿಎಫ್ ಎನ್ನುತ್ತಾರೆ.

ಈ ಡಬ್ಬ ತುಂಬಿದಾಗ ಗಾಡಿ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೆ ಹೊಗೆ ಕೊಳವೆ ಚೆನ್ನಾಗಿ ಬಿಸಿಯಾಗಬೇಕು. ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಬಿಸಿಯಾಗುವುದಿಲ್ಲ. ಡಬ್ಬ ಕಟ್ಟುತ್ತದೆ, ದೀಪ ಬರುತ್ತದೆ, ಗಾಡಿ ಕುಂಟುತ್ತದೆ. ಡಿಪಿಎಫ್ ದೀಪ ಮಾತ್ರ ಬಂದಿದ್ದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಬೇಕು. ಎಷ್ಟು ಹೊತ್ತು, ಯಾವ ವೇಗ ಎಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಓದಿ ನೋಡಿ. ಚೆಕ್ ಲೈಟೂ ಜೊತೆಗೆ ಬಂದಿದ್ದರೆ ಗ್ಯಾರೇಜಿಗೆ ಹೋಗಿ.

ಮಾಡಬಾರದ ಕೆಲಸಗಳು

ಬ್ಯಾಟರಿ ವೈರು ಕಿತ್ತು ದೀಪ ಆರಿಸಬೇಡಿ. ದೀಪ ಆರುತ್ತದೆ, ಕಾಯಿಲೆ ಉಳಿಯುತ್ತದೆ. ಬರೆದಿಟ್ಟ ಕೋಡ್ ಅಳಿಸಿಹೋಗಬಹುದು. ಕಾಗದ ಹರಿದರೆ ಸಾಲ ತೀರುತ್ತದೆಯೇ?

ಡೀಸೆಲ್ ಗಾಡಿಗೆ ಪೆಟ್ರೋಲ್ ಬಿದ್ದಿದೆ ಎಂದು ಗೊತ್ತಾದರೆ ಸ್ಟಾರ್ಟ್ ಮಾಡಬೇಡಿ. ಬೀಗದ ಕೈಯನ್ನೂ ತಿರುಗಿಸಬೇಡಿ. ಗಾಡಿ ತಳ್ಳಿಸಿ, ಟ್ಯಾಂಕ್ ಖಾಲಿ ಮಾಡಿಸಿ.

ಓಡುವಾಗ ಪೆಡಲ್ ಸಿಕ್ಕಿಕೊಂಡು ಗಾಡಿ ತಾನೇ ಓಡಿದರೆ ಗಾಬರಿ ಬೇಡ. ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಬೇಕು. ಗೇರನ್ನು ನ್ಯೂಟ್ರಲ್ ಮಾಡಬೇಕು. ಬದಿಗೆ ತಂದು ನಿಲ್ಲಿಸಿ, ಆಮೇಲೆ ಎಂಜಿನ್ ಆರಿಸಬೇಕು. ಓಡುವಾಗಲೇ ಬೀಗದ ಕೈ ಕಿತ್ತರೆ ಸ್ಟೀರಿಂಗ್ ಲಾಕ್ ಆಗಬಹುದು. ಇದನ್ನು ಗಾಡಿ ಓಡಿಸುವ ನಿಮ್ಮ ಮನೆಯವರಿಗೆ ಓದಿ ಹೇಳಿ.

ಗ್ಯಾರೇಜಿನಲ್ಲಿ ಕೇಳುವ ಐದು ಪ್ರಶ್ನೆ

1. ಕೋಡ್ ಯಾವುದು? ಬರೆದುಕೊಡಿ. ಬರೆದುಕೊಳ್ಳುವ ಮೊದಲು ಅಳಿಸಬೇಡಿ.

2. ಈ ಕೋಡಿಗೆ ಏನೇನು ಕಾರಣ ಇರಬಹುದು?

3. ಯಾವ ಕಾರಣ ಎಂದು ಹೇಗೆ ಗೊತ್ತಾಯಿತು? ಏನು ಪರೀಕ್ಷೆ ಮಾಡಿದಿರಿ?

4. ಸಾಮಾನಿಗೆ ಎಷ್ಟು, ಕೂಲಿ ಎಷ್ಟು? ಬೇರೆ ಬೇರೆಯಾಗಿ ಬರೆಯಿರಿ.

5. ಬದಲಿಸಿದ ಹಳೆಯ ಸಾಮಾನು ಎಲ್ಲಿ? ನನಗೆ ತೋರಿಸಿ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸೀಳಿದ ಪೈಪನ್ನು ಕೈಯಲ್ಲಿ ಹಿಡಿದು ತೋರಿಸುತ್ತಾನೆ. ಉತ್ತರ ಸಿಗದಿದ್ದರೆ ಕೋಡಿನ ಚೀಟಿ ಹಿಡಿದು ಇನ್ನೊಂದು ಗ್ಯಾರೇಜಿಗೆ ಹೋಗಿ. ಕೋಡ್ ನಿಮ್ಮ ಗಾಡಿಯದು. ಅದನ್ನು ತಿಳಿಯುವ ಹಕ್ಕು ನಿಮ್ಮದು.

ಮನೆಯಲ್ಲಿ ಒಂದು ನೋಟ್ ಪುಸ್ತಕ ಇಡಿ. ಗಾಡಿಯ ಹೆಸರಿನಲ್ಲಿ ನಾಲ್ಕು ಗೀಟು ಎಳೆಯಿರಿ. ತಾರೀಕು, ಕಿಲೋಮೀಟರ್, ಕೋಡ್, ಖರ್ಚು ಬರೆಯಿರಿ. ಆಯಿಲ್ ಬದಲಿಸಿದ್ದು, ಫಿಲ್ಟರ್ ಹಾಕಿಸಿದ್ದು ಎಲ್ಲವೂ ಅಲ್ಲಿರಲಿ. ಅದೇ ಕೋಡ್ ಎರಡನೆಯ ಸಲ ಬಂದರೆ ಮೊದಲ ರಿಪೇರಿ ಸರಿಯಾಗಿರಲಿಲ್ಲವೇನೋ ಎಂದು ಪುಸ್ತಕ ತೋರಿಸಿ ಕೇಳಬಹುದು. ಬಾಯಿಮಾತು ಮರೆತುಹೋಗುತ್ತದೆ. ಬರೆದದ್ದು ಉಳಿಯುತ್ತದೆ.

ನೆನಪಿಡಿ

ಕೆಂಪು ದೀಪ: ನಿಲ್ಲಿಸಿ.
ಹಳದಿ ದೀಪ: ಓದಿಸಿ.
ಕೋಡ್: ಬರೆದುಕೊಳ್ಳಿ.
ಸಾಮಾನು: ಪರೀಕ್ಷೆ ಮಾಡಿದ ಮೇಲೆ ಬದಲಿಸಿ.

ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಗಾಡಿಯಲ್ಲಿ ಬೀಗದ ಕೈ ತಿರುಗಿಸಿದಾಗ ಎಷ್ಟು ದೀಪ ಹತ್ತುತ್ತವೆ? ಎಣಿಸಿ ಬರೆಯಿರಿ. ಎಂಜಿನ್ ಶುರುವಾದ ಮೇಲೆ ಎಷ್ಟು ಉಳಿಯುತ್ತವೆ?

2. ಈ ಕೋಡ್‌ಗಳನ್ನು ಜೋರಾಗಿ ಓದಿ, ಮೂರು ಸಲ ಬರೆಯಿರಿ: ಪಿ 0087, ಪಿ 0299, ಪಿ 0401, ಪಿ 2138.

3. ಪಿ 2138 ಬಂದರೆ ಮೊದಲು ಏನು ನೋಡಬೇಕು? ಯಾಕೆ?

4. "ಕೋಡ್ ದಾರಿ ತೋರಿಸುತ್ತದೆ, ರೋಗ ಹೇಳುವುದಿಲ್ಲ." ಈ ಮಾತನ್ನು ನಿಮ್ಮ ಸಂಘದ ಸಭೆಯಲ್ಲಿ ಓದಿ. ಗಾಡಿ ರಿಪೇರಿಗೆ ಹಣ ಕೊಟ್ಟ ಅನುಭವ ಇರುವವರು ಮಾತಾಡಲಿ. ಉಳಿದವರು ಕೇಳಿ ಬರೆದುಕೊಳ್ಳಿ.